ಚಿಪ್ಪಿನೊಳಗೇ ಕಾವಲು

ನಮ್ಮೂರಲ್ಲಿ ಬೀಗ ನಿಲ್ಲುವುದಿಲ್ಲ. ಹಾಕಿ, ಕೀಲಿ ತಿರುಗಿಸಿ, ಎಳೆದು ನೋಡಿ, ಒಂದು ಊಟ ಮುಗಿಸಿ ಬರುವಷ್ಟರಲ್ಲಿ ಅದು ಬಾಯಿ ತೆರೆದುಕೊಂಡು ಚಿಲಕಕ್ಕೆ ನೇತಾಡುತ್ತಿರುತ್ತದೆ. ಹೊರಗಿನಿಂದ ಬಂದವರು ಮೊದಲು ನಗುತ್ತಾರೆ, ಆಮೇಲೆ ಇನ್ನೂ ದೊಡ್ಡ ಬೀಗ ತರುತ್ತಾರೆ, ಮೂರನೆಯ ಬೀಗದ ಹೊತ್ತಿಗೆ ನಮ್ಮಂತೆ ಆಗುತ್ತಾರೆ. ಬೀಗರು ಬಂದರೆ ತಿಂಗಳುಗಟ್ಟಲೆ ನಿಲ್ಲುತ್ತಾರೆ, ಬೀಗ ಮಾತ್ರ ನಿಲ್ಲುವುದಿಲ್ಲ ಎಂಬುದು ಪ್ರತಿ ಮದುವೆಯಲ್ಲೂ ಒಬ್ಬರಾದರೂ ಆಡುವ ತಮಾಷೆ. ಠಾಣೆಯಲ್ಲಿ ಸಿಕ್ಕಿಬಿದ್ದವನೂ ದಫೇದಾರನೂ ಲಾಕಪ್ಪಿನ ಬಾಗಿಲನ್ನು ಅರ್ಧ ತೆರೆದಿಟ್ಟುಕೊಂಡು ಎದುರುಬದುರು ಕೂತು ಚೌಕಾಬಾರ ಆಡುತ್ತಾರೆ. ಇಬ್ಬರಿಗೂ ಅದೇ ಅನುಕೂಲ.

ಹಾಗಾಗಿ ನಮ್ಮಲ್ಲಿ ಪ್ರತಿ ಬೀದಿಗೂ ಒಂದು ಕಿವಿ ಇರುತ್ತದೆ. ಕಿವಿ ಎಂದರೆ ಒಬ್ಬ ಮನುಷ್ಯ. ಬೀದಿಯಲ್ಲಿ ಓಡಾಡುವವರ ಹೆಜ್ಜೆ ಸಪ್ಪಳ ಕೇಳಿ, ಇದು ಮನೆಯವರದು, ಇದು ನೆಂಟರದು, ಇದು ಯಾರದೂ ಅಲ್ಲ ಎಂದು ಹೇಳುವುದು ಅವರ ಕೆಲಸ. ನಮ್ಮ ಬೀದಿಯ ಕಿವಿ ಹೊಂಬಾಳಮ್ಮ. ಒಲೆಯ ಮುಂದೆ ಕೂತು ಮುದ್ದೆ ತೊಳಸುತ್ತಿದ್ದರೂ ತಟಕ್ಕನೆ ಕೋಲು ನಿಲ್ಲಿಸಿ, ಮೂರನೇ ಮನೆ ಹಿತ್ತಲಲ್ಲಿ ಯಾರೋ ನಿಂತವ್ರೆ, ನಡೆಯೋರಲ್ಲ, ನಿಂತೋರು ಎನ್ನುತ್ತಿದ್ದಳು. ಹೋಗಿ ನೋಡಿದರೆ ಇರುತ್ತಿದ್ದರು. ಗುರುತು ಹಿಡಿಯುವುದು ಹೇಗೆಂದು ಯಾರಾದರೂ ಕೇಳಿದರೆ ಅವಳು ಹೇಳುತ್ತಿದ್ದ ಮಾತು ಒಂದೇ. ಮನೆಯವರು ಉಪ್ಪು ಬೇಕಾದರೆ ನೇರ ಉಪ್ಪಿನ ಡಬ್ಬಕ್ಕೆ ಕೈ ಹಾಕುತ್ತಾರೆ, ಹೊರಗಿನವರು ಎಲ್ಲ ಡಬ್ಬದ ಮುಚ್ಚಳವನ್ನೂ ತೆಗೆದು ನೋಡುತ್ತಾರೆ. ಸಪ್ಪಳದಲ್ಲಿ ಅದು ಗೊತ್ತಾಗುತ್ತದೆ.

ಜಮೀನಿನ ದಾಖಲೆಗಳೂ ಕೊಬ್ಬರಿ ಉಗ್ರಾಣದ ಪಟ್ಟಿಗಳೂ ಕಂಪ್ಯೂಟರಿಗೆ ಹೋದಾಗ ಊರು ಸ್ವಲ್ಪ ದಿನ ಗಾಬರಿಗೊಂಡಿತು. ಪಾಸ್‌ವರ್ಡ್ ಎನ್ನುವುದೂ ಒಂದು ಬೀಗವೇ ತಾನೆ. ಹಾಕಿ ಊಟ ಮಾಡಿ ಬಂದರೆ ತೆರೆದಿರುತ್ತಿತ್ತು. ಆಗ ಮುಂದೆ ಬಂದವಳು ಹೊಂಬಾಳಮ್ಮನ ಸೊಸೆ ನಂಜಮಣಿ. ಪಾಲಿಟೆಕ್ನಿಕ್ಕಿನಲ್ಲಿ ಓದಿದವಳು. ಬೀಗ ನಿಲ್ಲದ ಊರಲ್ಲಿ ಕಂಪ್ಯೂಟರಿಗೂ ಬೀಗ ಬೇಡ, ಕಿವಿ ಬೇಕು ಎಂದಳು. ನಾಲ್ಕು ವರ್ಷ ಅತ್ತೆಯ ಪಕ್ಕ ಕೂತು, ಈಗ ಯಾಕೆ ಎದ್ದಿರಿ, ಈಗ ಯಾಕೆ ಏಳಲಿಲ್ಲ, ಆ ಹೆಜ್ಜೆಗೂ ಈ ಹೆಜ್ಜೆಗೂ ಏನು ಭೇದ ಎಂದು ಕೇಳಿ ಕೇಳಿ ಬರೆದುಕೊಂಡಳು. ಕೆಲವು ದಿನ ಅತ್ತೆಗೆ ರೇಗಿ, ನನ್ನ ಕಿವೀನೇ ಕಿತ್ಕೊಂಡು ಹೋಗಮ್ಮಿ ಎಂದು ಬೈದಿದ್ದೂ ಉಂಟು. ಕೊನೆಗೆ ಅದೊಂದು ಪ್ರೋಗ್ರಾಮ್ ಆಯಿತು. ಅದು ಯಾರನ್ನೂ ತಡೆಯುವುದಿಲ್ಲ, ಸುಮ್ಮನೆ ಆಲಿಸುತ್ತದೆ. ಹೋದ ವರ್ಷ ಯಾರೋ ದೂರದಿಂದ ಒಳಗೆ ಬಂದು ಪಹಣಿಗಳಲ್ಲಿ ಹೆಸರು ಬದಲಿಸಲು ನೋಡಿದಾಗ ಹಿಡಿದದ್ದು ಅದೇ. ಅವನು ಎಲ್ಲ ಡಬ್ಬದ ಮುಚ್ಚಳ ತೆಗೆಯುತ್ತಿದ್ದ.

ಇದನ್ನು ನಡೆಸಲು ಕಿವಿ ಸಂಘ ಎಂದು ಒಂದಾಯಿತು. ಮನೆಗೊಂದು ಷೇರು. ಅರ್ಧಕ್ಕಿಂತ ಹೆಚ್ಚು ಮನೆಗಳು ಯಾವುದೇ ಒಂದು ತಿಂಗಳ ಕೊನೆಯೊಳಗೆ ಷೇರು ವಾಪಸು ತೆಗೆದರೆ ಸಂಘ ಮುಚ್ಚಬೇಕು, ಕಂಪ್ಯೂಟರಿನಿಂದ ಕಿವಿಯನ್ನು ಅಳಿಸಬೇಕು ಎಂದು ನಿಯಮದಲ್ಲಿ ಬರೆದಿತ್ತು. ಬರೆದಾಗ ಯಾರೂ ಅದನ್ನು ಓದಿರಲಿಲ್ಲ.

ಇನ್ನು ನನ್ನ ವಿಷಯ. ನಾನು ತಮ್ಮಯ್ಯಣ್ಣನ ಕಣದಲ್ಲಿ ಓದುವವನು. ತಮ್ಮಯ್ಯಣ್ಣ ಉಗ್ರಾಣದ ಯಜಮಾನ. ಅವನ ಕಣದಲ್ಲಿ ಅರವತ್ತು ಹೆಂಗಸರು ಬೆಳಗಿನಿಂದ ಒಣಕಾಯಿ ಸುಲಿದು, ಚಿಪ್ಪು ಒಡೆದು, ಕೊಬ್ಬರಿ ಬಿಡಿಸುತ್ತಾರೆ. ಕೈಗೆ ಕೆಲಸ, ಕಿವಿಗೆ ಬೇಸರ ಎಂದು ನನ್ನ ತಾತನ ಕಾಲದಿಂದ ಒಬ್ಬ ಓದುವವನನ್ನು ಇಟ್ಟಿದ್ದಾರೆ. ಚೀಲಗಳ ಮೇಲೆ ಕೂತು ನಾನು ಪೇಪರು ಓದುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ಓದಿದರೆ ಆಗದು. ಅರವತ್ತು ಮಚ್ಚುಗಳ ಸದ್ದಿನಲ್ಲಿ ಉದ್ದ ವಾಕ್ಯ ಅರ್ಧಕ್ಕೇ ಸಾಯುತ್ತದೆ. ಆದ್ದರಿಂದ ಪೇಪರಿನ ಕನ್ನಡವನ್ನು ಕಣದ ಕನ್ನಡಕ್ಕೆ ಮುರಿದು, ಎರಡು ಏಟುಗಳ ನಡುವೆ ಹಿಡಿಸುವಷ್ಟು ಚಿಕ್ಕದು ಮಾಡಿ ಕೂಗಬೇಕು. ಇದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಮೇಷ್ಟ್ರು ಓದಿದರೆ ಹೊಟ್ಟು ಹೋಗಿ ಕಾಳು ಉಳೀತದೆ ಎನ್ನುತ್ತಿದ್ದರು.

ಆ ದಿನ ಪೇಪರಿನ ಒಳಪುಟದಲ್ಲಿ ಇದ್ದ ಸುದ್ದಿ ಇಷ್ಟು. ದೂರದೇಶದಲ್ಲಿ ಕಂಪ್ಯೂಟರಿನ ಚಿಪ್ ತಯಾರಿಸುವ ಒಂದು ಕಂಪನಿಯೂ ಕಾವಲಿನ ಪ್ರೋಗ್ರಾಮ್ ಬರೆಯುವ ಇನ್ನೊಂದು ಕಂಪನಿಯೂ ಕೈಜೋಡಿಸಿವೆ, ಇದರಿಂದ ಚಿಪ್ ಮಟ್ಟದಲ್ಲೇ ಅಪಾಯದ ಪತ್ತೆಗೆ ನೆರವು ದೊರೆಯಲಿದೆ. ಕೆಳಗೆ ಇನ್ನೊಂದು ಸಾಲು: ಈ ಸುದ್ದಿ ಬರುತ್ತಲೇ ಕಾವಲು ಪ್ರೋಗ್ರಾಮ್ ಮಾರುವ ಬೇರೆ ಕಂಪನಿಗಳ ಷೇರುಗಳು ಕುಸಿದಿವೆ. ನಾನು ಅದನ್ನು ಮುರಿದೆ. ಇನ್ನು ಮೇಲೆ ಚಿಪ್ಪಿನೊಳಗೇ ಕಾವಲು, ಎಂದು ಕೂಗಿದೆ. ಷೇರು ಬಿದ್ದವು, ಎಂದೂ ಕೂಗಿದೆ. ನೆರವು ಎಂಬ ಮಾತು ಎರಡು ಏಟುಗಳ ನಡುವೆ ಹಿಡಿಸಲಿಲ್ಲ, ಬಿಟ್ಟೆ.

ಮಚ್ಚುಗಳು ನಿಂತವು. ಓದಲು ಕೂತ ಹದಿನಾರು ವರ್ಷದಲ್ಲಿ ಅವು ಒಟ್ಟಿಗೆ ನಿಂತದ್ದನ್ನು ನಾನು ಕೇಳಿರಲಿಲ್ಲ. ಸುತ್ತಲೂ ಆಳೆತ್ತರ ಚಿಪ್ಪಿನ ರಾಶಿಗಳು. ಪ್ರತಿಯೊಬ್ಬಳ ಕೈಯಲ್ಲೂ ಒಂದೊಂದು ಚಿಪ್ಪು. ಹಿಂದಿನ ಸಾಲಿನ ಸಣ್ಣಕ್ಕ, ಕಣದಲ್ಲಿ ಎಲ್ಲರಿಗಿಂತ ಹಿರಿಯಳು, ತನ್ನ ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿ ಕೇಳಿದಳು.

"ಚಿಪ್ಪು ಅಂದ್ರೆ ಗಟ್ಟಿ ಅಲ್ವಾ ಮೇಷ್ಟ್ರೇ? ತಿರುಳು ಒಳಗಿದ್ರೆ ಮುಚ್ಕಂಡೇ ಇರ್ತದಲ್ವಾ?"

ಹೌದು ಎಂದೆ. ಹೌದೆನ್ನದೆ ಏನನ್ನಲಿ, ಕೈಯಲ್ಲೇ ಹಿಡಿದು ಕೇಳುತ್ತಿದ್ದಳು.

"ಹಂಗಾರೆ ನಿಲ್ಲೋ ಬೀಗ ಬಂತು ಅನ್ನಿ."

ಆ ಮಾತು ಮಧ್ಯಾಹ್ನದೊಳಗೆ ಊರೆಲ್ಲ ಮುಟ್ಟಿತು. ಬೀಗ ನಿಲ್ಲುವ ಊರಿನವರಿಗೆ ಇದು ಅರ್ಥವಾಗುವುದು ಕಷ್ಟ. ಬಾಗಿಲು ಹಾಕಿಕೊಂಡು, ಹಾಕಿದ್ದು ಹಾಕಿಯೇ ಇರುತ್ತದೆಂದು ನಂಬಿ ನೆಂಟರ ಮನೆಗೆ ಹೋಗಿಬರುವುದು ಹೇಗಿರುತ್ತದೆಂದು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಮುದುಕರು ಜಗುಲಿಗೆ ಬಂದು ನಿಂತು ತಮ್ಮ ಚಿಲಕಗಳನ್ನು ಮುಟ್ಟಿ ನೋಡಿದರು. ಚಿಪ್ಪೇ ಕಾಯುವಾಗ ಕಿವಿಗೆ ಯಾಕೆ ಷೇರು ಎಂದು ಯಾರೋ ಕೇಳಿದರು. ಕೇಳಿದವರು ಯಾರೆಂದು ಆಮೇಲೆ ಯಾರೂ ಒಪ್ಪಲಿಲ್ಲ. ಸಂಜೆಗೆ ಸಂಘದ ಮುಂದೆ ಸಾಲು ನಿಂತಿತ್ತು. ಸಾಲಿನಲ್ಲಿ ನಾನೂ ಇದ್ದೆ. ನಾನೇ ಓದಿದ ಸುದ್ದಿಯನ್ನು ಊರಿನ ಬಾಯಿಂದ ವಾಪಸು ಕೇಳಿದಾಗ ಅದು ನನಗೂ ನಿಜವೆನಿಸಿತು. ನನ್ನ ಷೇರು ಒಂಬತ್ತನೆಯದಾಗಿ ಹಿಂದಕ್ಕೆ ಬಂತು.

ನಂಜಮಣಿ ಒಬ್ಬೊಬ್ಬರಿಗೂ ಇದು ಹಾಗಲ್ಲ ಎಂದು ಹೇಳಿ ನೋಡಿದಳು. ಅವರು ತಲೆಯಾಡಿಸಿ ಚೀಟಿ ಮುಂದಿಟ್ಟರು. ಪಟ್ಟಣದ ಜನಾನೇ ಷೇರು ಮಾರ್ತಾವ್ರಲ್ಲವ್ವ, ಅವರಿಗೆ ತಿಳೀದಾ ಎಂದು ಒಬ್ಬರು ಕೇಳಿದರು. ಪಟ್ಟಣದವರೂ ತಿಳಿಯದೆ ಮಾರಿರಬಹುದೆಂದು ನಮ್ಮಲ್ಲಿ ಯಾರು ನಂಬುತ್ತಾರೆ.

ಎರಡು ದಿನ ಬಿಟ್ಟು ತಮ್ಮಯ್ಯಣ್ಣ ಪೇಟೆಗೆ ಹೋಗಿ ಆ ಹೊಸ ಚಿಪ್ಪಿನ ಕಂಪ್ಯೂಟರನ್ನೇ ತಂದ. ಉಗ್ರಾಣದ ಮೇಜಿನ ಮೇಲಿಟ್ಟು ಸೇವಂತಿಗೆ ಹಾರ ಹಾಕಿದ. ಕಿವಿಯನ್ನು ಅದಕ್ಕೆ ಹಾಕಿಸಲಿಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ ಪರದೆಯ ಮೂಲೆಯಲ್ಲಿ ಕೆಂಪು ಹತ್ತುತ್ತದೆ ಎಂದು ಅಂಗಡಿಯವನು ತೋರಿಸಿಕೊಟ್ಟಿದ್ದನಂತೆ.

ಅದೇ ದಿನ ಮಧ್ಯಾಹ್ನ ನಂಜಮಣಿ ನನ್ನ ಮನೆಗೆ ಬಂದಳು. ಕೈಯಲ್ಲಿ ಪೇಪರಿನ ಆ ತುಂಡು ಇತ್ತು. ಕೂರಲಿಲ್ಲ. ಓದಿ ಮೇಷ್ಟ್ರೇ, ಮುರೀಬೇಡಿ, ಇದ್ದ ಹಾಗೆ ಓದಿ ಎಂದಳು. ಓದಿದೆ. ನೆರವು ಎಂಬಲ್ಲಿಗೆ ಬಂದಾಗ ನಿಲ್ಲಿಸಿದಳು. ಆಮೇಲೆ ನಿಧಾನವಾಗಿ ವಿವರಿಸಿದಳು. ಕಂಪ್ಯೂಟರಿನಲ್ಲಿ ಯಾವ ಕೆಲಸ ನಡೆದರೂ ಕೊನೆಗೆ ಚಿಪ್ಪಿನ ಮೇಲೆಯೇ ನಡೆಯಬೇಕು. ಕಳ್ಳ ಬೇರೆ ಹೆಸರು ಹೇಳಿಕೊಂಡು, ಬೇರೆಯವರ ಅಂಗಿ ತೊಟ್ಟು ಬರಬಹುದು, ಆದರೆ ಕದಿಯಲು ಅವನೂ ಅದೇ ನೆಲ ತುಳಿಯಬೇಕು. ಆ ತುಳಿತದ ಭಾರ ಎಷ್ಟು, ವೇಗ ಎಷ್ಟು, ಎಷ್ಟು ಸಲ ಹುಡುಕಿತು, ಎಷ್ಟು ಸಲ ತಪ್ಪಿತು ಎಂದು ಹೊಸ ಚಿಪ್ಪು ಎಣಿಸಿ ಹೇಳುತ್ತದೆ. ಹಿಂದೆ ಕಿವಿ ತಾನೇ ಕೋಣೆ ಕೋಣೆ ಸುತ್ತಿ ನೋಡಬೇಕಿತ್ತು, ಕಂಪ್ಯೂಟರಿಗೆ ಸುಸ್ತಾಗುತ್ತಿತ್ತು. ಇನ್ನು ಕೂತಲ್ಲೇ ತಿಳಿಯುತ್ತದೆ. ಅಷ್ಟೇ ನೆರವು. ಆದರೆ ತುಳಿದದ್ದು ಕಳ್ಳನೋ ಮನೆಯವನೋ ಎಂದು ಚಿಪ್ಪಿಗೆ ಗೊತ್ತಿಲ್ಲ. ಗೊತ್ತಾಗುವುದು ಕಿವಿಗೆ.

"ಕಣದಾಗೆ ಇದನ್ನೇ ಓದಿ. ನೀವು ಓದಿದ್ದು ನೀವೇ ತಿದ್ದಿದ್ರೆ ಕೇಳ್ತಾರೆ," ಎಂದಳು.

ನಾನು ನೋಡೋಣ ಎಂದೆ. ತಪ್ಪು ಓದಿದೆ ಎಂದು ಹೇಳಿದ ಓದುವವನನ್ನು ಮರುದಿನ ಯಾರು ಕೇಳುತ್ತಾರೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಓಡುತ್ತಿತ್ತು. ಅವಳು ಹೊಸ್ತಿಲು ದಾಟುವಾಗ ತಿರುಗಿದಳು.

"ನಮ್ಮತ್ತೆ ಕಿವಿ ಅಂತ ಈಗ ಉಳಿದಿರೋದು ಅದೊಂದೇ ಜಾಗದಾಗೆ ಮೇಷ್ಟ್ರೇ. ಅಳಿಸಿದ್ರೆ ತಿರುಗ ಬರೆಯಾಕೆ ಆಗಲ್ಲ."

ಯಾಕೆ ಆಗಲ್ಲ, ಹೊಂಬಾಳಮ್ಮ ಇದ್ದಾಳಲ್ಲ ಎಂದೆ. ಅವಳು ಪೇಪರಿನ ತುಂಡನ್ನು ನನ್ನ ಕೈಯಲ್ಲೇ ಬಿಟ್ಟು ಹೋದಳು.

ಉಗ್ರಾಣದಲ್ಲಿ ಮೊದಲ ದಿನವೇ ಕೆಂಪು ಹತ್ತಿತು. ತಮ್ಮಯ್ಯಣ್ಣ ಗಂಟೆ ಬಾರಿಸಿದ, ಜನ ದೊಣ್ಣೆ ಹಿಡಿದು ಓಡಿದರು. ನೋಡಿದರೆ ಗುಮಾಸ್ತ ಇಡೀ ವರ್ಷದ ಪಟ್ಟಿ ಒಟ್ಟಿಗೆ ಛಾಪಿಸುತ್ತಿದ್ದ, ಚಿಪ್ಪಿಗೆ ಕೆಲಸ ಹೆಚ್ಚಾಗಿತ್ತು. ಮರುದಿನ ಮತ್ತೆ ಹತ್ತಿತು. ಯಾರೋ ಮದುವೆಯ ಫೋಟೊಗಳನ್ನೆಲ್ಲ ಅದರಲ್ಲಿ ತುಂಬುತ್ತಿದ್ದರು. ನಾಲ್ಕನೆಯ ದಿನ ಯಾಕೆ ಹತ್ತಿತೆಂದು ಯಾರಿಗೂ ತಿಳಿಯಲಿಲ್ಲ. ಕಳ್ಳನೂ ಇರಬಹುದು, ಇಲ್ಲದೆಯೂ ಇರಬಹುದು. ತಮ್ಮಯ್ಯಣ್ಣ ಪರದೆಯ ಆ ಮೂಲೆಗೆ ಒಂದು ಕರವಸ್ತ್ರ ಇಳಿಬಿಟ್ಟ. ಕೈಗೆ ಚಿಪ್ಪು ಅಂದ್ರೆ ಇದೇ ಏನೋ ಗೌಡ್ರೇ ಎಂದು ಹಮಾಲರಲ್ಲಿ ಒಬ್ಬ ಅಂದನಂತೆ. ಅವನನ್ನು ಎರಡು ದಿನ ಕೆಲಸಕ್ಕೆ ಕರೆಯಲಿಲ್ಲ.

ಅಷ್ಟಾದರೂ ಸಾಲು ಕರಗಲಿಲ್ಲ. ಮುನ್ನೂರ ಹನ್ನೆರಡು ಮನೆಗಳಲ್ಲಿ ನೂರೈವತ್ತಾರು ಷೇರು ತೆಗೆದಾಗಿತ್ತು. ಇನ್ನೊಂದು ಬಿದ್ದರೆ ಸಂಘ ಮುಚ್ಚುತ್ತದೆ, ಮತ್ತು ತಮ್ಮಯ್ಯಣ್ಣ ಇನ್ನೂ ತೆಗೆದಿರಲಿಲ್ಲ. ತಿಂಗಳ ಕೊನೆಯ ದಿನ ತೆಗೆಯುತ್ತೇನೆ ಎಂದು ಎಲ್ಲರಿಗೂ ಹೇಳಿದ್ದ. ದೊಡ್ಡವರು ಕೊನೆಯಲ್ಲಿ ಬರುವುದು ನಮ್ಮಲ್ಲಿ ರೂಢಿ.

ಆ ಕೊನೆಯ ದಿನ ಬೆಳಿಗ್ಗೆ ನಾನು ಚೀಲದ ಮೇಲೆ ಕೂತು ಪೇಪರು ಬಿಚ್ಚಲಿಲ್ಲ. ಅಂಗಿಯ ಜೇಬಿನಿಂದ ಆ ತುಂಡು ತೆಗೆದು ಇದ್ದ ಹಾಗೆ ಓದಿದೆ. ನೆರವು ಎಂಬುದನ್ನು ಎರಡು ಸಲ ಓದಿದೆ. ಅವತ್ತು ಈ ಮಾತು ನುಂಗಿದ್ದೆ, ತಪ್ಪಾಯಿತು ಎಂದೆ. ಮಚ್ಚುಗಳು ನಿಲ್ಲಲಿಲ್ಲ. ಮುಂದಿನ ಸಾಲಿನವಳೊಬ್ಬಳು, ನಂಜಮಣಿ ಮನೇಲಿ ಏನು ಸಾರು ಮಾಡಿದ್ರು ಮೇಷ್ಟ್ರೇ ಎಂದು ಕೇಳಿದಳು. ಸುತ್ತಲಿನವರು ನಕ್ಕರು. ಸಣ್ಣಕ್ಕ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ಸುಲಿಯುತ್ತಲೇ ಹೇಳಿದಳು.

"ನಮ್ಮವ್ವ, ಅವರವ್ವ, ಯಾರೂ ಕೇಳ್ದಿದ್ದ ಮಾತ್ನ ನಿಮ್ಮ ಬಾಯಲ್ಲಿ ಕೇಳಿದ್ವಿ. ಅದು ಸುಳ್ಳು ಅಂತ ಇಷ್ಟು ಬಿರ್ರನೆ ಹೇಳಬಾರದಾಗಿತ್ತು."

ಆಗ ಹೊಂಬಾಳಮ್ಮ ಕಣದೊಳಗೆ ಬಂದಳು. ಹಿಂದೆಯೇ ನಂಜಮಣಿ, ಅತ್ತೆಯ ತೋಳು ಹಿಡಿದು ತಡೆಯುತ್ತ. ಹೊಂಬಾಳಮ್ಮ ಕೈ ಬಿಡಿಸಿಕೊಂಡು ನಡುವೆ ಬಂದು, ಚಿಪ್ಪಿನ ರಾಶಿಗೆ ಮುಖಮಾಡಿ, ಎಲ್ಲರಿಗೂ ಬೆನ್ನು ಹಾಕಿ ನೆಲದ ಮೇಲೆ ಕೂತಳು. ಸೊಸೆಯನ್ನೂ ಪಕ್ಕದಲ್ಲಿ ಅದೇ ಕಡೆ ಮುಖ ಮಾಡಿಸಿ ಕೂರಿಸಿಕೊಂಡಳು. ಬಲ ಅಂಗೈಯನ್ನು ನೆಲಕ್ಕೆ ಊರಿದಳು. ಯಾರಾದ್ರೂ ನಡೀರಿ ಎಂದಳು.

ಮಚ್ಚುಗಳು ಆಗ ನಿಂತವು. ಸಣ್ಣಕ್ಕ ಕಣ್ಣಲ್ಲೇ ಒಬ್ಬಳಿಗೆ ಸನ್ನೆ ಮಾಡಿದಳು. ಅವಳು ಎದ್ದು ಹತ್ತು ಹೆಜ್ಜೆ ನಡೆದಳು.

"ಒಬ್ರು," ಎಂದಳು ಹೊಂಬಾಳಮ್ಮ. "ಸಣ್ಣ ಹೆಜ್ಜೆ. ಹಿಮ್ಮಡಿ ಮೇಲೆ ಭಾರ."

ಯಾರು ಎಂದು ಸಣ್ಣಕ್ಕ ಕೇಳಿದಳು. ಹೊಂಬಾಳಮ್ಮ ಸುಮ್ಮನೆ ಕೂತಿದ್ದಳು. ಸಣ್ಣಕ್ಕ ಇನ್ನೂ ಗಟ್ಟಿಯಾಗಿ ಕೇಳಿದಳು. ಆಗಲೂ ಸುಮ್ಮನಿದ್ದಳು. ನಂಜಮಣಿ ಅತ್ತೆಯ ತೋಳಿನ ಮೇಲೆ ಬೆರಳಿನಿಂದ ಏನೋ ಬರೆದಳು.

"ಯಾರು ಅಂತ ನಂಗೆ ಗೊತ್ತಿಲ್ಲ," ಎಂದಳು ಹೊಂಬಾಳಮ್ಮ. "ಕಿವಿ ಹೋಗಿ ಎರಡು ವರ್ಸ ಆಯ್ತು. ಅಂಗೈಗೆ ನೆಲ ಅದುರೋದು ತಿಳೀತದೆ, ಅಷ್ಟೇಯ. ಯಾರು ಅಂತ ಇವಳು ಹೇಳ್ತಾಳೆ."

ಕಿವಿ ಹೋದ ಕಿವಿಗೆ ಬೀದಿಯಲ್ಲಿ ಜಾಗವಿಲ್ಲ ಎಂಬುದು ನಮ್ಮಲ್ಲಿ ಹಳೆಯ ಕಟ್ಟಳೆ. ಕಿವಿ ಹೋಯಿತೆಂದು ತನ್ನ ಬಾಯಿಂದಲೇ ಹೇಳಿದವಳನ್ನು ನಾನು ಕಂಡಿದ್ದು ಅವಳೊಬ್ಬಳನ್ನೇ.

"ಪುಟ್ಟಲಿಂಗಿ," ಎಂದಳು ನಂಜಮಣಿ, ತಿರುಗದೆ. "ಹಿಮ್ಮಡಿ ಮೇಲೆ ಭಾರ ಬಿಡ್ತಾವಳೆ, ಏಳು ತಿಂಗಳಲ್ವಾ."

ಪುಟ್ಟಲಿಂಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು. ಅಷ್ಟರಲ್ಲಿ ಕಣದ ಬಾಗಿಲ ಕಡೆ ಯಾರೋ ಬಂದದ್ದು ನಮಗೆಲ್ಲ ಕಂಡಿತು. ಅವರಿಬ್ಬರಿಗೆ ಕಾಣುವಂತಿರಲಿಲ್ಲ.

"ಇನ್ನೊಬ್ರು," ಎಂದಳು ಹೊಂಬಾಳಮ್ಮ. "ಭಾರಿ ಆಳು. ಎಡಗಾಲು ಎಳೀತೈತೆ. ನಿಂತ್ರು. ಒಳಗೆ ಬರ್ಲೋ ಬೇಡ್ವೋ ಅಂತ ನಿಂತ್ರು. ಬಂದ್ರು. ತಿರುಗ ನಿಂತ್ರು."

ನಂಜಮಣಿ ಅತ್ತೆಯ ಗಲ್ಲ ಹಿಡಿದು, ತನ್ನ ತುಟಿ ಕಾಣುವಂತೆ ಅವಳ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. "ನಿಂತ್ರು ಅಂತ ಅಷ್ಟೇ ಹೇಳಿ ಅತ್ತೆ. ಯಾಕೆ ನಿಂತ್ರು ಅಂತ ನಾನು ಹೇಳ್ತೀನಿ. ಅದು ನಿಮ್ಮ ಕೆಲ್ಸ ಅಲ್ಲ."

"ಹೇಳು ಮತ್ತೆ, ದೊಡ್ಡೋಳು."

"ತಮ್ಮಯ್ಯಣ್ಣ," ಎಂದಳು ನಂಜಮಣಿ. "ಸಂಘಕ್ಕೆ ಹೊಂಟೋರು. ಷೇರಿನ ಚೀಟಿ ಜೇಬಿನಾಗೈತೆ. ದಿನಾ ಉಗ್ರಾಣದಿಂದ ನೇರ ಬರೋರು ಇವತ್ತು ಎರಡು ಕಡೆ ನಿಂತವ್ರೆ ಅಂದ್ರೆ, ಮನಸ್ಸಿಲ್ಲ."

ತಮ್ಮಯ್ಯಣ್ಣನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ಅದನ್ನು ಕಂಡು ಮುಂದಿನ ಸಾಲಿನವರು ನಗಲು ಶುರುಮಾಡಿದರು. ಏನು ನಡೆಯುತ್ತಿದೆಯೆಂದು ತಿಳಿಯದೆ ಅವನೂ ಸ್ವಲ್ಪ ನಕ್ಕ. ಸಣ್ಣಕ್ಕ ಕೈಯಲ್ಲಿದ್ದ ಚಿಪ್ಪನ್ನು ರಾಶಿಗೆ ಎಸೆದು ಎದ್ದು ಹೋಗಿ ಹೊಂಬಾಳಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಎರಡು ವರ್ಸ ನಾವು ಮಲಗಿದ್ದು ನಿನ್ನ ಅಂಗೈ ಮೇಲಾ ಎಂದು ಕೇಳಿದಳು. ಹೊಂಬಾಳಮ್ಮನಿಗೆ ತುಟಿಯ ಮಾತು ಗೊತ್ತಾಯಿತೆಂದು ಕಾಣುತ್ತದೆ. ಅಂಗೈಯ ಮಣ್ಣು ಒರೆಸಿಕೊಂಡು ಸೊಸೆಯ ಕಡೆ ಕೈ ತೋರಿಸಿದಳು.

ತಮ್ಮಯ್ಯಣ್ಣನಿಗೆ ಎಲ್ಲ ಹೇಳಿದವರು ಹೆಂಗಸರೇ, ಅರವತ್ತು ಜನವೂ ಒಟ್ಟಿಗೆ. ಅವನು ಕೇಳಿದ್ದು ಒಂದೇ ಪ್ರಶ್ನೆ. ಹಾಗಾದರೆ ತನ್ನ ಕಂಪ್ಯೂಟರು ದಂಡವೋ ಹೇಗೆ. ದಂಡ ಯಾಕೆ, ಅದು ಅಂಗೈ, ಅದಕ್ಕೆ ಕಿವಿ ಹಾಕಿದರೆ ಅತ್ತೆ ಸೊಸೆ ಇಬ್ಬರೂ ಸೇರಿದಂತಾಗುತ್ತದೆ ಎಂದಳು ನಂಜಮಣಿ. ಅವನು ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದ ದಾರಿಯಲ್ಲೇ ಉಗ್ರಾಣಕ್ಕೆ ಹಿಂದಿರುಗಿದ. ಸಂಜೆಯವರೆಗೆ ಸಂಘದ ಬಾಗಿಲು ತೆರೆದಿತ್ತು. ಬೇರೆ ಯಾರೂ ಹೋಗಲಿಲ್ಲ. ನೂರೈವತ್ತಾರು ನೂರೈವತ್ತಾರಾಗಿಯೇ ನಿಂತಿತು, ಸಂಘ ಉಳಿಯಿತು.

ಮುಂದಿನ ವಾರ ಉಗ್ರಾಣದ ಹೊಸ ಕಂಪ್ಯೂಟರಿಗೆ ನಂಜಮಣಿ ಕಿವಿಯನ್ನು ಹಾಕಿದಳು. ಕರವಸ್ತ್ರ ತೆಗೆದರು. ಈಗ ಕೆಂಪು ಹತ್ತುವುದು ಅಪರೂಪ. ಹತ್ತಿದರೆ ಯಾಕೆಂದು ಅದೇ ಬರೆದು ತೋರಿಸುತ್ತದೆ. ಬೀದಿಯ ಕಿವಿಯಾದವರು ಜಗುಲಿಯಲ್ಲಿ ಕೂರುವ ಚಾಪೆಯನ್ನು ಕಟ್ಟಳೆಯ ಪ್ರಕಾರ ಹೊಂಬಾಳಮ್ಮನಿಂದ ತೆಗೆದುಕೊಂಡರು, ಶಾಸ್ತ್ರಕ್ಕೆ ಎರಡು ಮನೆ ದಾಟಿಸಿ ಮತ್ತೆ ಅದೇ ಜಗುಲಿಗೆ ತಂದು ನಂಜಮಣಿಯ ಹೆಸರಿನಲ್ಲಿ ಹಾಸಿದರು. ಇಬ್ಬರೂ ಕೂರುವಷ್ಟು ಅಗಲವಿದೆಯೇ ಎಂದು ಹಾಸಿದವರೇ ನೋಡಿದರು.

ಷೇರು ತೆಗೆದವರು ಮತ್ತೆ ಸೇರಬೇಕಾದರೆ ಒಂದು ವರ್ಷ ಕಾಯಬೇಕು ಎಂದು ನಿಯಮದಲ್ಲಿತ್ತು. ಈ ಸಲ ಅದನ್ನು ಎಲ್ಲರೂ ಓದಿದೆವು. ಹಲವರು ಹೋಗಿ ನಂಜಮಣಿಯನ್ನು ಕಂಡು ಬಂದರು, ಕೆಲವರು ನಾಚಿಕೊಂಡು ಹೋಗಲಿಲ್ಲ. ನಾನು ಹತ್ತು ದಿನ ಬಿಟ್ಟು ಹೋದೆ. ಸಂಘದ ಕೋಣೆಯಲ್ಲಿ ಅವಳು ಒಬ್ಬಳೇ ಇದ್ದಳು. ಷೇರಿನ ಮಾತು ತೆಗೆಯಲು ನನಗೆ ಬಾಯಿ ಬರಲಿಲ್ಲ. ನನ್ನ ಜಮೀನಿನ ಪಹಣಿ ಕಂಪ್ಯೂಟರಿನಲ್ಲಿದೆಯಲ್ಲ, ಇನ್ನೊಂದು ವರ್ಷ ಅದರ ಗತಿ ಏನು, ಯಾರು ನೋಡುತ್ತಾರೆ ಎಂದು ಸುತ್ತಿ ಬಳಸಿ ಕೇಳಿದೆ. ನಂಜಮಣಿ ಪರದೆಯಿಂದ ಕಣ್ಣು ಕೀಳಲಿಲ್ಲ.

"ಯಾರ ಹೆಜ್ಜೆ ಎಂಥದು ಅಂತ ಕಿವಿಗೆ ನಾಲ್ಕು ವರ್ಸ ಹೇಳ್ಕೊಟ್ಟಿದೀನಿ ಮೇಷ್ಟ್ರೇ. ಷೇರು ಯಾರದೈತೆ, ಯಾರದಿಲ್ಲ ಅಂತ ಹೇಳ್ಕೊಡಾಕೆ ಪುರುಸೊತ್ತಾಗ್ಲಿಲ್ಲ. ಮನೆಗೋಗಿ ಊಟ ಮಾಡಿ."